ಟ್ಯಾಕ್ಸ್ ಕ್ರೆಡಿಟ್ ಮನೆಗಳು ಹೈವೇಯ ಯಾವ ಪಕ್ಕ?

(ಉತ್ತರ ಟೆಕ್ಸಾಸ್‌ನ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಕೆಲವು ಭಾಗಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆ ಬಾತ್ ಊಟ ಮುಗಿಸಿ ಕೂತವರ ಮುಂದೆ ತೆರಿಗೆ ಕಾನೂನಿನ ಬಗ್ಗೆ ಮಾತಾಡುವುದು ಧೈರ್ಯದ ಕೆಲಸವೇ. ನಿದ್ದೆ ಬಂದವರು ಸಂಕೋಚ ಪಡಬೇಡಿ.

ಇಲ್ಲಿರುವವರಲ್ಲಿ ಹೆಚ್ಚಿನವರು ಡಾಲಸ್ ಸುತ್ತಲಿನ ಪ್ಲೇನೋ, ಫ್ರಿಸ್ಕೋ, ಮೆಕಿನಿ, ಅರ್ವಿಂಗ್ ಕಡೆಯವರು. ಮನೆ ಕೊಳ್ಳುವಾಗ ನಾವೆಲ್ಲ ಮೊದಲು ನೋಡಿದ್ದು ಶಾಲೆಯ ರೇಟಿಂಗ್. ಆಮೇಲೆ ಪ್ರಾಪರ್ಟಿ ಟ್ಯಾಕ್ಸ್, ಎಚ್‌ಒಎ ಫೀ (ಬಡಾವಣೆ ಸಂಘದ ಶುಲ್ಕ), ಬಾಗಿಲು ಪೂರ್ವಕ್ಕಿದೆಯೋ ಇಲ್ಲವೋ. ಅದೇ ಶಾಲೆಯ ಬಸ್ ಓಡಿಸುವವರು, ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸುವವರು, ಊರಿಂದ ಬಂದ ನಮ್ಮ ಅಪ್ಪ ಅಮ್ಮ ಆಸ್ಪತ್ರೆ ಸೇರಿದರೆ ರಾತ್ರಿಯೆಲ್ಲ ನೋಡಿಕೊಳ್ಳುವವರು ಎಲ್ಲಿಂದ ಬರುತ್ತಾರೆ ಎಂದು ವಿಚಾರಿಸಿದವರು ಕಡಿಮೆ. ಅವರು ಎಲ್ಲಿ ವಾಸಿಸಬಹುದು ಎನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನಿಸುವುದು ಈ ದೇಶದ ತೆರಿಗೆ ಸಂಹಿತೆಯ 42ನೇ ಸೆಕ್ಷನ್, ಅಂದರೆ ಅಗ್ಗದ ಬಾಡಿಗೆ ಮನೆ ಕಟ್ಟುವವರಿಗೆ ಟ್ಯಾಕ್ಸ್ ಕ್ರೆಡಿಟ್ ಕೊಡುವ ನಿಯಮ. ಇವತ್ತಿನ ವಿಷಯ ಅದು.

1986ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ತೆರಿಗೆ ಸುಧಾರಣಾ ಕಾಯ್ದೆಯೊಳಗೆ ಈ ಸೆಕ್ಷನ್ ಹುಟ್ಟಿತು. ಅಷ್ಟು ಹೊತ್ತಿಗೆ ಸರ್ಕಾರವೇ ಮನೆ ಕಟ್ಟಿ ಬಡವರಿಗೆ ಬಾಡಿಗೆಗೆ ಕೊಡುವ ಪದ್ಧತಿಯ ಹೆಸರು ಪೂರ್ತಿ ಕೆಟ್ಟಿತ್ತು. ಸೇಂಟ್ ಲೂಯಿಸ್‌ನ ಪ್ರೂಯಿಟ್-ಐಗೋ ಕಟ್ಟಡಗಳನ್ನು 1972ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಲು ಶುರು ಮಾಡಿದ್ದರು. ಮರುವರ್ಷ ನಿಕ್ಸನ್ ಸರ್ಕಾರ ಹೊಸ ಸಬ್ಸಿಡಿ ಮನೆಗಳಿಗೇ ತಡೆ ಹಾಕಿತು. ಹೀಗಾಗಿ ಕಟ್ಟುವ ಕೆಲಸ ಖಾಸಗಿ ಡೆವಲಪರ್‌ಗಳ ಪಾಲಾಯಿತು. ಸರ್ಕಾರ ದುಡ್ಡಿನ ಬದಲು ತೆರಿಗೆ ಬಿಟ್ಟುಕೊಡತೊಡಗಿತು.

ಇದು ನಡೆಯುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಮುಂದಿನ ತಕರಾರೆಲ್ಲ ಇದರ ಹೊಟ್ಟೆಯಲ್ಲೇ ಇದೆ. ಕೇಂದ್ರದ ಖಜಾನೆ ಪ್ರತಿ ರಾಜ್ಯಕ್ಕೂ ಜನಸಂಖ್ಯೆಯ ಲೆಕ್ಕದಲ್ಲಿ ವರ್ಷಕ್ಕಿಷ್ಟು ಎಂದು ಕ್ರೆಡಿಟ್ ಕೊಡುತ್ತದೆ. ರಾಜ್ಯದ ವಸತಿ ಇಲಾಖೆ ಅದನ್ನು ಡೆವಲಪರ್‌ಗಳ ನಡುವೆ ಸ್ಪರ್ಧೆ ಇಟ್ಟು ಹಂಚುತ್ತದೆ. ಊರಿನ ಇನ್‌ಕಂ ಟ್ಯಾಕ್ಸ್‌ನ 80ಸಿ ನೆನಪಿರುವವರಿಗೆ ಒಂದು ಮಾತು: 80ಸಿ ನಿಮ್ಮ ಆದಾಯದಲ್ಲಿ ಕಡಿತ, ಇದು ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ. ಒಂದು ಡಾಲರ್ ಕ್ರೆಡಿಟ್ ಇದ್ದರೆ ತೆರಿಗೆ ಒಂದು ಡಾಲರ್ ಕಡಿಮೆ, ಅದೂ ಹತ್ತು ವರ್ಷ ಸತತವಾಗಿ. ಡೆವಲಪರ್‌ಗೆ ಅಷ್ಟು ತೆರಿಗೆಯೇ ಇರುವುದಿಲ್ಲವಾದ್ದರಿಂದ ಕ್ರೆಡಿಟ್ಟನ್ನು ಬ್ಯಾಂಕಿಗೆ ಮಾರುತ್ತಾನೆ. ಬ್ಯಾಂಕು ಮುಂಗಡವಾಗಿ ನಗದು ಕೊಡುತ್ತದೆ. ಆ ನಗದಿನಿಂದ ಸಾಲದ ಹೊರೆ ಇಳಿಯುತ್ತದೆ, ಬಾಡಿಗೆಯನ್ನೂ ಇಳಿಸಬಹುದು. ಸಾಮಾನ್ಯವಾಗಿ 30 ವರ್ಷ ಆ ಮನೆಗಳನ್ನು ಪ್ರದೇಶದ ಮಧ್ಯಮ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ) ಸುಮಾರು 60 ಪ್ರತಿಶತದ ಒಳಗಿನ ಕುಟುಂಬಗಳಿಗೇ ಕೊಡಬೇಕು. ಈ ದಾರಿಯಲ್ಲಿ ಇಲ್ಲಿಯವರೆಗೆ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಮನೆಗಳು ಬಂದಿವೆ. ಇಷ್ಟು ದೊಡ್ಡ ವಸತಿ ಯೋಜನೆಯನ್ನು ನೋಡಿಕೊಳ್ಳುವುದು ವಸತಿ ಖಾತೆಯಲ್ಲ, ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್. ಫಾರಂ ತುಂಬಿದ್ದೀರಾ, ಬಾಡಿಗೆ ಮಿತಿ ದಾಟಿಲ್ಲವಾ ಎಂದು ಅವರು ಕೇಳುತ್ತಾರೆ. ಕಟ್ಟಡ ಊರಿನ ಯಾವ ಮೂಲೆಯಲ್ಲಿದೆ, ಅಲ್ಲಿ ಯಾರಿದ್ದಾರೆ ಎಂದು ಕೇಳುವ ಅಭ್ಯಾಸ ಆ ಇಲಾಖೆಗಿಲ್ಲ.

ಇನ್ನೊಂದು ಸೂಕ್ಷ್ಮ. ಈ ಮನೆಗಳ ಬಾಡಿಗೆಗೆ ಮೇಲ್ಮಿತಿ ಇದೆಯೇ ಹೊರತು ಬಾಡಿಗೆದಾರರ ಸಂಬಳಕ್ಕೂ ಅದಕ್ಕೂ ತಾಳೆಯಿಲ್ಲ. ಹಾಗಾಗಿ ತೀರಾ ಬಡವರಿಗೆ ಇದೂ ಎಟುಕುವುದಿಲ್ಲ. ಅವರಿಗೆ ಸೆಕ್ಷನ್ 8 ವೋಚರ್ ಬೇಕು, ಅಂದರೆ ಬಾಡಿಗೆಯ ಒಂದು ಪಾಲನ್ನು ಸರ್ಕಾರ ಮಾಲೀಕರಿಗೆ ನೇರವಾಗಿ ಕೊಡುವ ಚೀಟಿ. ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಇಂಥ ನೆರವು ಸಿಗುತ್ತದೆ. ಸಿಕ್ಕಿದರೂ ಟೆಕ್ಸಾಸ್‌ನಲ್ಲಿ ಸಾಮಾನ್ಯ ಅಪಾರ್ಟ್‌ಮೆಂಟ್ ಮಾಲೀಕರು "ವೋಚರ್ ತಗೊಳ್ಳಲ್ಲ" ಎಂದು ಬಾಗಿಲು ಹಾಕಬಹುದು. ಹಾಗೆ ಹಾಕಬಾರದು ಎಂದು ನಗರಗಳು ನಿಯಮ ಮಾಡಲು ಹೊರಟರೆ, ಮಾಡಕೂಡದು ಎಂದು 2015ರಲ್ಲಿ ರಾಜ್ಯ ಶಾಸನಸಭೆಯೇ ಕಾನೂನು ತಂದಿತು. ಆದರೆ ಟ್ಯಾಕ್ಸ್ ಕ್ರೆಡಿಟ್ ಪಡೆದ ಕಟ್ಟಡದವರು ವೋಚರ್ ಇದೆ ಎಂಬ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ. ಹಾಗಾದರೆ ವೋಚರ್ ಹಿಡಿದ ಒಬ್ಬ ತಾಯಿಗೆ ಯಾವ ಶಾಲೆಯ ವ್ಯಾಪ್ತಿಯಲ್ಲಿ ಮನೆ ಸಿಗುತ್ತದೆ? ಆ ಕಟ್ಟಡಗಳು ಎಲ್ಲಿವೆಯೋ ಅಲ್ಲಿ. ಜಾಗದ ಆಯ್ಕೆ ಇಷ್ಟು ಮುಖ್ಯವಾಗುವುದು ಇದಕ್ಕೇ.

ಈಗ ಜಾಗವನ್ನು ಆರಿಸುವವರು ಯಾರು? ಮೊದಲು ಗಣಿತ. ಒಂದು ಸೆನ್ಸಸ್ ಟ್ರ್ಯಾಕ್ಟ್‌ನಲ್ಲಿ, ಅಂದರೆ ಜನಗಣತಿಗಾಗಿ ಗುರುತಿಸಿದ ಸಣ್ಣ ಪ್ರದೇಶದಲ್ಲಿ, ಬಡತನ 25 ಪ್ರತಿಶತ ಮುಟ್ಟಿದ್ದರೆ, ಅಥವಾ ಅರ್ಧದಷ್ಟು ಮನೆಗಳವರ ಆದಾಯ ಮಧ್ಯಮ ಆದಾಯದ 60 ಪ್ರತಿಶತಕ್ಕಿಂತ ಕಡಿಮೆ ಇದ್ದರೆ, ಅದನ್ನು 'ಕ್ವಾಲಿಫೈಡ್' ಟ್ರ್ಯಾಕ್ಟ್ ಎಂದು ಗುರುತಿಸಬಹುದು. ಅಲ್ಲಿ ಕಟ್ಟಿದರೆ ಖರ್ಚನ್ನು 30 ಪ್ರತಿಶತ ಹೆಚ್ಚು ಎಂದು ಭಾವಿಸಿ ಕ್ರೆಡಿಟ್ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ ಖರ್ಚಿನ ಎಷ್ಟು ಪಾಲು ಸಿಗುತ್ತದೆ ಎಂಬುದರ ಮೇಲೆ ಕ್ರೆಡಿಟ್‌ನಲ್ಲಿ ಎರಡು ಬಗೆ ಇವೆ, ರೂಢಿಯಲ್ಲಿ 9 ಪ್ರತಿಶತದ್ದು ಮತ್ತು 4 ಪ್ರತಿಶತದ್ದು ಎನ್ನುತ್ತಾರೆ. 4 ಪ್ರತಿಶತದ್ದನ್ನೇ ತೆಗೆದುಕೊಳ್ಳಿ. ಕಟ್ಟಡದ ಲೆಕ್ಕಕ್ಕೆ ಬರುವ ಖರ್ಚು 2 ಕೋಟಿ ಡಾಲರ್ ಅಂತಿಟ್ಟುಕೊಳ್ಳೋಣ. ವರ್ಷಕ್ಕೆ 8 ಲಕ್ಷ, ಹತ್ತು ವರ್ಷಕ್ಕೆ 80 ಲಕ್ಷ ಡಾಲರ್ ಕ್ರೆಡಿಟ್. ಬ್ಯಾಂಕು ಡಾಲರಿಗೆ 90 ಸೆಂಟ್ಸ್‌ನಂತೆ ಕೊಂಡರೆ ಡೆವಲಪರ್ ಕೈಗೆ 72 ಲಕ್ಷ. ಅದೇ ಕಟ್ಟಡ ಬಡ ಟ್ರ್ಯಾಕ್ಟ್‌ನೊಳಗೆ ಎದ್ದರೆ 93 ಲಕ್ಷ 60 ಸಾವಿರ. ಒಂದೇ ಇಟ್ಟಿಗೆ, ಒಂದೇ ಸಿಮೆಂಟು, ರಸ್ತೆ ದಾಟಿದ್ದಕ್ಕೆ 21 ಲಕ್ಷ 60 ಸಾವಿರ ಡಾಲರ್ ಹೆಚ್ಚು. ಜೊತೆಗೆ ಅಲ್ಲಿ ನೆಲವೂ ಅಗ್ಗ. ಡೆವಲಪರ್ ಜನಾಂಗದ್ವೇಷಿಯಾಗಿರಬೇಕಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು.

ಈ ಬೋನಸ್ ತಂದವರ ಉದ್ದೇಶ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಯಾರೂ ಹಣ ಹೂಡದ ಕೇರಿಗಳಿಗೆ ಹೊಸ ಕಟ್ಟಡ ಬರಲಿ ಎಂಬ ಆಸೆ ಅದರಲ್ಲಿತ್ತು. ಆದರೆ ಆ ಟ್ರ್ಯಾಕ್ಟ್‌ಗಳು ಬಡವಾದದ್ದು ಹೇಗೆ ಎನ್ನುವುದು ಸೂತ್ರಕ್ಕೆ ಗೊತ್ತಿಲ್ಲ.

ಡಾಲಸ್‌ನ ಕಥೆ ನೋಡಿ. ಟ್ರಿನಿಟಿ ನದಿಯಾಚೆ ವೆಸ್ಟ್ ಡಾಲಸ್‌ನಲ್ಲಿ 1950ರ ದಶಕದಲ್ಲಿ ಸುಮಾರು 3,500 ಸರ್ಕಾರಿ ಮನೆಗಳನ್ನು ಕಟ್ಟಿದರು. ಮೂರು ವಿಭಾಗ: ಎಡ್ಗರ್ ವಾರ್ಡ್ ಪ್ಲೇಸ್ ಕಪ್ಪು ಜನರಿಗೆ, ಎಲ್ಮರ್ ಸ್ಕಾಟ್ ಪ್ಲೇಸ್ ಮೆಕ್ಸಿಕನ್ ಮೂಲದವರಿಗೆ, ಜಾರ್ಜ್ ಲವಿಂಗ್ ಪ್ಲೇಸ್ ಬಿಳಿಯರಿಗೆ. ಪಕ್ಕದಲ್ಲೇ ಸೀಸ ಕರಗಿಸುವ ಕಾರ್ಖಾನೆ. ಮಕ್ಕಳು ಆಡುವ ಮಣ್ಣಿನಲ್ಲಿ ಸೀಸ. ಕಾರ್ಖಾನೆ 1984ರಲ್ಲಿ ಮುಚ್ಚಿತು. ತೊಂಬತ್ತರ ದಶಕದಲ್ಲಿ ಆ ಜಾಗ ಕೇಂದ್ರದ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ದೇಶದಲ್ಲಿ ಅತಿ ಹೆಚ್ಚು ವಿಷ ಸೇರಿದ ಜಾಗಗಳ ಪಟ್ಟಿಗೆ ಸೇರಿತು. 1985ರಲ್ಲಿ ಡೆಬ್ರಾ ವಾಕರ್ ಎಂಬ ಕಪ್ಪು ಮಹಿಳೆಯ ಹೆಸರಿನಲ್ಲಿ ಮೊಕದ್ದಮೆ ಹೂಡಲಾಯಿತು. ವಸತಿ ಪ್ರಾಧಿಕಾರ ಕಪ್ಪು ಕುಟುಂಬಗಳನ್ನು ಬೇಕೆಂದೇ ಒಂದೆಡೆ ಗುಡ್ಡೆಹಾಕಿದೆ ಎಂಬುದು ದೂರು. ವರ್ಷಗಟ್ಟಲೆ ನಡೆದ ಆ ಹೋರಾಟದ ರಾಜಿಯಿಂದ ಹುಟ್ಟಿದ ಸಂಸ್ಥೆ ಇನ್‌ಕ್ಲೂಸಿವ್ ಕಮ್ಯುನಿಟೀಸ್ ಪ್ರಾಜೆಕ್ಟ್. ವೋಚರ್ ಇರುವ ಕಪ್ಪು ಕುಟುಂಬಗಳಿಗೆ ಒಳ್ಳೆಯ ಶಾಲೆ ಇರುವ ಕಡೆ ಮನೆ ಹುಡುಕಿಕೊಡುವುದು ಅವರ ಕೆಲಸ.

ಹುಡುಕಲು ಹೊರಟವರಿಗೆ ಗೋಡೆ ಎದುರಾಯಿತು. ಉಪನಗರಗಳಲ್ಲಿ ವೋಚರ್ ಒಪ್ಪುವ ಕಟ್ಟಡಗಳೇ ವಿರಳ. ಲೆಕ್ಕ ತೆಗೆದರೆ, ಡಾಲಸ್ ನಗರದ ಟ್ಯಾಕ್ಸ್ ಕ್ರೆಡಿಟ್ ಮನೆಗಳಲ್ಲಿ 92.29 ಪ್ರತಿಶತ ಬಿಳಿಯರು ಅರ್ಧಕ್ಕಿಂತ ಕಡಿಮೆ ಇರುವ ಟ್ರ್ಯಾಕ್ಟ್‌ಗಳಲ್ಲಿದ್ದವು. 2008ರಲ್ಲಿ ಅವರು ರಾಜ್ಯದ ವಸತಿ ಇಲಾಖೆಯ ಮೇಲೆಯೇ ಕೇಸು ಹಾಕಿದರು. ಕೋರ್ಟಿನ ಮುಂದೆ ಬಂದ ಅಂಕಿಅಂಶ ಇದು: ಹಿರಿಯ ನಾಗರಿಕರಿಗಲ್ಲದ ಮನೆಗಳ ಪ್ರಸ್ತಾಪಗಳನ್ನು ನೋಡಿದರೆ, ಬಿಳಿಯರು ಹತ್ತು ಪ್ರತಿಶತವೂ ಇಲ್ಲದ ಕಡೆ 49.7 ಪ್ರತಿಶತ ಮನೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಬಿಳಿಯರು 90 ಪ್ರತಿಶತ ಮೀರಿದ ಕಡೆ 37.4 ಪ್ರತಿಶತಕ್ಕೆ.

"ಹಿರಿಯ ನಾಗರಿಕರಿಗಲ್ಲದ" ಎಂಬ ಆ ಷರತ್ತನ್ನು ಗಮನಿಸಿದಿರಾ? ಅನುಕೂಲಸ್ಥರ ಬಡಾವಣೆಗಳು ವೃದ್ಧರ ಕಟ್ಟಡಗಳಿಗೆ ಅಷ್ಟಾಗಿ ತಕರಾರು ಮಾಡುವುದಿಲ್ಲ. ವೃದ್ಧರಿಗೆ ಶಾಲೆಗೆ ಹೋಗುವ ಮಕ್ಕಳಿರುವುದಿಲ್ಲ. "ನಮ್ಮಲ್ಲೂ ಅಗ್ಗದ ಮನೆಗಳಿವೆ" ಎಂದು ನಗರಸಭೆ ಲೆಕ್ಕ ತೋರಿಸಬಹುದು, ತರಗತಿಯ ಬೆಂಚುಗಳು ಮಾತ್ರ ಮೊದಲಿನಂತೆಯೇ ಇರುತ್ತವೆ.

ಇನ್ನು ಪತ್ರಗಳ ವಿಷಯ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಸಿಟ್ಟು ತರಿಸುವುದು ಇದು. ಯಾವ ಯೋಜನೆಗೆ ಕ್ರೆಡಿಟ್ ಎಂದು ತೀರ್ಮಾನಿಸಲು ರಾಜ್ಯಗಳು ಅಂಕಪಟ್ಟಿ ಇಟ್ಟುಕೊಂಡಿವೆ, ಅದಕ್ಕೆ ಕ್ಯೂಎಪಿ ಎನ್ನುತ್ತಾರೆ. ಟೆಕ್ಸಾಸ್‌ನಲ್ಲಿ ಆ ಕ್ಷೇತ್ರದ ಶಾಸಕರು ಯೋಜನೆಯನ್ನು ಬೆಂಬಲಿಸಿ ಪತ್ರ ಕೊಟ್ಟರೆ ಅಂಕ, ವಿರೋಧಿಸಿ ಬರೆದರೆ ಅಂಕ ಕಡಿತ. ಅಕ್ಕಪಕ್ಕದ ನಿವಾಸಿಗಳ ಸಂಘ, ನಗರಸಭೆ ಇವುಗಳ ಬೆಂಬಲಕ್ಕೂ ಅಂಕ. ನಾಲ್ಕು ಅಂಕದ ಅಂತರದಲ್ಲಿ ಗೆಲುವು ಸೋಲು ನಿಲ್ಲುವ ಸ್ಪರ್ಧೆಯಲ್ಲಿ ಒಂದು ಪತ್ರ ಎಂದರೆ ಯೋಜನೆಯ ಕುತ್ತಿಗೆ. ಶಾಸಕರು ಕಾರಣ ಕೊಡಬೇಕಾಗಿಲ್ಲ. ಮತದಾರರು ನೂರು ಈಮೇಲ್ ಕಳಿಸಿದರೆ ಅವರು ಸುಮ್ಮನಿದ್ದರೂ ಸಾಕು.

ಮೆಕಿನಿಯವರು ಇಲ್ಲಿದ್ದೀರಿ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಹೈವೇ 75ರ ಪೂರ್ವಕ್ಕೆ ಹಳೇ ಮೆಕಿನಿ, ಪಶ್ಚಿಮಕ್ಕೆ ಹೊಸ ಬಡಾವಣೆಗಳು, ಕೆರೆ, ಗಾಲ್ಫ್, ನಮ್ಮವರ ಮನೆಗಳು. ಅಗ್ಗದ ಬಾಡಿಗೆ ಮನೆಗಳಿಗೆ ಪೂರ್ವದಲ್ಲಿ ಒಪ್ಪುತ್ತಾರೆ, ಪಶ್ಚಿಮದಲ್ಲಿ ಒಪ್ಪುವುದಿಲ್ಲ ಎಂದು ಇದೇ ಸಂಸ್ಥೆ ಮೆಕಿನಿ ನಗರದ ಮೇಲೂ ಕೇಸು ಹಾಕಿತ್ತು. ಅದು ರಾಜಿಯಲ್ಲಿ ಮುಗಿಯಿತು.

ರಾಜ್ಯದ ವಸತಿ ಇಲಾಖೆಯ ಮೇಲೆ ಹಾಕಿದ ಡಾಲಸ್ ಕೇಸು ಮಾತ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಶ್ನೆ ಒಂದೇ: ಭೇದಭಾವ ಮಾಡುವ ಉದ್ದೇಶ ಇತ್ತು ಎಂದು ಸಾಬೀತು ಮಾಡಲೇಬೇಕೇ, ಇಲ್ಲ ಪರಿಣಾಮವನ್ನು ತೋರಿಸಿದರೆ ಸಾಕೇ? ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು ಸಹಿಯಾದ, ವಸತಿಯಲ್ಲಿ ಭೇದಭಾವ ನಿಷೇಧಿಸುವ ಫೇರ್ ಹೌಸಿಂಗ್ ಕಾಯ್ದೆಯ ಅರ್ಥ ಇದರ ಮೇಲೆ ನಿಂತಿತ್ತು. ಇದಕ್ಕೆ ಮೊದಲು ಇದೇ ಪ್ರಶ್ನೆ ಎರಡು ಸಲ ಕೋರ್ಟಿನ ಬಾಗಿಲವರೆಗೆ ಬಂದು, ತೀರ್ಪಿಗೆ ಮೊದಲೇ ಕೇಸುಗಳು ಹಿಂದಕ್ಕೆ ಹೋಗಿದ್ದವು. 2015ರ ಜೂನ್ 25ರಂದು ನ್ಯಾಯಮೂರ್ತಿ ಕೆನಡಿ ಬರೆದ 5-4ರ ತೀರ್ಪು ಪರಿಣಾಮ ಸಾಕು ಎಂದಿತು. ಅದೇ ದಿನ ಒಬಾಮಾಕೇರ್ ತೀರ್ಪು, ಮಾರನೇ ದಿನ ಸಲಿಂಗ ವಿವಾಹದ ತೀರ್ಪು. ಟಿವಿಯಲ್ಲಿ ಇದಕ್ಕೆ ಜಾಗವೇ ಸಿಗಲಿಲ್ಲ.

ಗೆದ್ದರು ಅಂದುಕೊಂಡಿರಾ? ತೀರ್ಪಿನೊಳಗೇ ಒಂದು ಬೇಲಿ ಇತ್ತು: ಅಂಕಿಅಂಶದ ಅಸಮಾನತೆ ಮಾತ್ರ ಸಾಲದು, ಯಾವ ನಿರ್ದಿಷ್ಟ ನೀತಿಯಿಂದ ಅದು ಉಂಟಾಯಿತು ಎಂದು ಬೆರಳಿಟ್ಟು ತೋರಿಸಬೇಕು. ಕೇಸು ಡಾಲಸ್‌ಗೆ ಮರಳಿತು. 2016ರ ಆಗಸ್ಟ್‌ನಲ್ಲಿ ಅಲ್ಲಿನ ನ್ಯಾಯಾಧೀಶರು, ಹಾಗೆ ತೋರಿಸಲು ಸಂಸ್ಥೆಗೆ ಆಗಿಲ್ಲ ಎಂದು ವಜಾ ಮಾಡಿದರು. ವಾಷಿಂಗ್ಟನ್‌ನಲ್ಲಿ ತತ್ವ ಗೆದ್ದಿತು, ಊರಲ್ಲಿ ವಾದಿ ಸೋತರು. ಸೂತ್ರ, ನೆಲದ ಬೆಲೆ, ಪತ್ರ, ಝೋನಿಂಗ್ (ಎಲ್ಲಿ ಏನು ಕಟ್ಟಬಹುದು ಎಂಬ ನಿಯಮ) ಎಲ್ಲ ಸೇರಿ ಆದ ಕೆಲಸಕ್ಕೆ ಒಂದೇ ಒಂದು ಕೈ ತೋರಿಸಿ ಎಂದರೆ ತೋರಿಸುವುದಾದರೂ ಯಾವುದನ್ನು? ಆದರೂ ಕೇಸು ನಡೆಯುತ್ತಿದ್ದ ವರ್ಷಗಳಲ್ಲೇ ಟೆಕ್ಸಾಸ್ ತನ್ನ ಅಂಕಪಟ್ಟಿಯಲ್ಲಿ ಒಳ್ಳೆಯ ಶಾಲೆ, ಕಡಿಮೆ ಬಡತನ ಇರುವ ಟ್ರ್ಯಾಕ್ಟ್‌ಗಳಿಗೆ ಅಂಕ ಕೊಡತೊಡಗಿತು.

ಕೆನಡಿಯವರು ಅದೇ ತೀರ್ಪಿನಲ್ಲಿ ಹೇಳಿದ ಇನ್ನೊಂದು ಮಾತನ್ನು ಮರೆಮಾಚಬಾರದು. ಹಾಳುಬಿದ್ದ ನಗರದ ನಡುವೆ ಕಟ್ಟುವುದೋ ಉಪನಗರದಲ್ಲಿ ಕಟ್ಟುವುದೋ, ಇವೆರಡರಲ್ಲಿ ಯಾವುದೇ ಒಂದನ್ನು ಸಾಮಾನ್ಯ ನಿಯಮದಂತೆ ಭೇದಭಾವ ಎನ್ನುವುದು ಕಷ್ಟ ಎಂದರು ಅವರು. ಇದು ನಿಜವಾದ ಇಕ್ಕಟ್ಟು. ಹೂಸ್ಟನ್‌ನಲ್ಲಿ 2016ರಲ್ಲಿ ಅನುಕೂಲಸ್ಥರ ಗ್ಯಾಲರಿಯಾ ಬಳಿಯ ಫೌಂಟನ್ ವ್ಯೂ ಎಂಬಲ್ಲಿ 233 ಮನೆಗಳ ಇಂಥ ಯೋಜನೆಯನ್ನು ಮೇಯರ್ ಸಿಲ್ವೆಸ್ಟರ್ ಟರ್ನರ್ ಮತಕ್ಕೇ ಹಾಕಲಿಲ್ಲ. ಅವರೇ ಕಪ್ಪು ಸಮುದಾಯದವರು, ಬಡ ಬಡಾವಣೆಯಲ್ಲಿ ಬೆಳೆದವರು. ದುಬಾರಿಯಾಯಿತು ಎಂಬುದು ಅವರು ಕೊಟ್ಟ ಕಾರಣ, ಬಡ ಬಡಾವಣೆಗಳಿಗೂ ಹಣ ಬೇಕು ಎಂಬುದು ಅವರ ನಿಲುವು. ಸಭೆಗಳಲ್ಲಿ ನಿವಾಸಿಗಳ ವಿರೋಧ ಜೋರಾಗಿತ್ತು. 2017ರ ಜನವರಿಯಲ್ಲಿ ಕೇಂದ್ರದ ವಸತಿ ಖಾತೆ, ಜನಾಂಗೀಯ ಬಣ್ಣದ ವಿರೋಧಕ್ಕೆ ನಗರ ಮಣಿದಿದೆ, ಇದು ನಾಗರಿಕ ಹಕ್ಕುಗಳ ಉಲ್ಲಂಘನೆ ಎಂದಿತು. ಬಡ ಕೇರಿಗೆ ಹಣ ಹೋಗಲಿ ಎಂಬ ಟರ್ನರ್ ವಾದವನ್ನು ನಾನು ಒಪ್ಪುತ್ತೇನೆ; ಅದಕ್ಕೆ ರಸ್ತೆ, ಚರಂಡಿ, ಶಾಲೆಯ ಬಜೆಟ್ ಇದೆ. ವೋಚರ್ ಕುಟುಂಬಕ್ಕೆ ಇರುವ ಒಂದೇ ಬಾಗಿಲನ್ನು ಪದೇ ಪದೇ ಅಲ್ಲಿಯೇ ತೆರೆಯುವುದನ್ನು ಒಪ್ಪಲಾರೆ.

ಜಾಗ ಬದಲಾದರೆ ಏನಾಗುತ್ತದೆ ಎಂಬುದು ಊಹೆಯ ಮಾತಾಗಿ ಉಳಿದಿಲ್ಲ. ತೊಂಬತ್ತರ ದಶಕದಲ್ಲಿ ಬಾಲ್ಟಿಮೋರ್, ಬೋಸ್ಟನ್, ಷಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿ ಲಾಟರಿ ಎತ್ತಿ ಕೆಲವು ಕುಟುಂಬಗಳಿಗೆ ಬಡತನ ಕಡಿಮೆ ಇರುವ ಕಡೆ ಮಾತ್ರ ಬಳಸಬಹುದಾದ ವೋಚರ್ ಕೊಟ್ಟರು. ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2015ರಲ್ಲಿ ಆ ಮಕ್ಕಳ ಮುಂದಿನ ಆದಾಯವನ್ನು ತೆರಿಗೆ ದಾಖಲೆಗಳಲ್ಲಿ ಹಿಂಬಾಲಿಸಿದರು. 13 ವರ್ಷ ತುಂಬುವ ಮೊದಲು ಹಾಗೆ ಜಾಗ ಬದಲಿಸಿದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ 31 ಪ್ರತಿಶತ ಹೆಚ್ಚು ದುಡಿಯುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭ ಕಾಣಲಿಲ್ಲ. ಶಾಲೆಯ ರೇಟಿಂಗ್ ನೋಡಿ ಮನೆ ಕೊಂಡ ನಮಗೆ ಇದನ್ನು ವಿವರಿಸಿ ಹೇಳಬೇಕೇ?

ಪ್ರಶ್ನೆಗಳಲ್ಲಿ ಮೊದಲನೆಯದು ನಿರೀಕ್ಷಿತವೇ ಆಗಿತ್ತು. ಸಾಫ್ಟ್‌ವೇರ್ ಹುಡುಗರೊಬ್ಬರು ಎದ್ದು, "ಸರ್, ನೇರವಾಗಿ ಕೇಳ್ತೀನಿ, ಪಕ್ಕದಲ್ಲಿ ಬಂದರೆ ನನ್ನ ಮನೆ ರೇಟ್ ಬೀಳತ್ತಾ?" ಎಂದರು. ನೇರವಾಗಿಯೇ ಹೇಳಿದೆ. ಸ್ಟ್ಯಾನ್‌ಫರ್ಡ್‌ನ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್ವೇಡ್ ಅವರ ಅಧ್ಯಯನದ ಪ್ರಕಾರ ಬಡ ಬಡಾವಣೆಯಲ್ಲಿ ಇಂಥ ಕಟ್ಟಡ ಬಂದರೆ ಮೈಲಿಯ ಹತ್ತನೇ ಒಂದು ಭಾಗದೊಳಗಿನ ಮನೆಗಳ ಬೆಲೆ 6.5 ಪ್ರತಿಶತ ಏರುತ್ತದೆ. ಅಲ್ಪಸಂಖ್ಯಾತರು ಕಡಿಮೆ ಇರುವ ಅನುಕೂಲಸ್ಥ ಬಡಾವಣೆಯಲ್ಲಿ 2.5 ಪ್ರತಿಶತ ಇಳಿಯುತ್ತದೆ. ಅಂದರೆ ಭಯ ಪೂರ್ತಿ ಸುಳ್ಳಲ್ಲ, ಆದರೆ ಅದರ ಅಳತೆ ಇಷ್ಟು. ನ್ಯೂಜೆರ್ಸಿಯ ಮೌಂಟ್ ಲಾರೆಲ್‌ನಲ್ಲಿ ಮೂರು ದಶಕ ಕೋರ್ಟಿನಲ್ಲಿ ಬಡಿದಾಡಿ 2000ದಲ್ಲಿ ತೆರೆದ ಎಥೆಲ್ ಲಾರೆನ್ಸ್ ಹೋಮ್ಸ್ ಎಂಬ ಅಗ್ಗದ ಬಾಡಿಗೆ ಮನೆಗಳನ್ನು ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಅಧ್ಯಯನ ಮಾಡಿದಾಗ ಸುತ್ತಲಿನ ಮನೆ ಬೆಲೆ, ಅಪರಾಧ, ತೆರಿಗೆ ಯಾವುದರ ಮೇಲೂ ಪರಿಣಾಮ ಕಾಣಲಿಲ್ಲ. ಅಕ್ಕಪಕ್ಕದವರಲ್ಲಿ ಸುಮಾರು ಮೂರನೇ ಒಂದರಷ್ಟು ಜನಕ್ಕೆ ಅಂಥ ಮನೆಗಳು ಅಲ್ಲಿರುವುದೇ ಗೊತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ನಾವೂ ನಮ್ಮವರು ಇರೋ ಕಡೆನೇ ಮನೆ ಹುಡುಕ್ತೀವಲ್ಲಪ್ಪ, ಅವರಿಗೂ ತಮ್ಮವರ ಜೊತೆ ಇರೋಣ ಅನ್ನಿಸಬಾರದೇ?" ಎಂದು ಕೇಳಿದರು. ಅನ್ನಿಸಬಹುದಮ್ಮ, ಅನ್ನಿಸುವವರು ಅಲ್ಲೇ ಇರಲಿ. ನಾವು ಹತ್ತು ಕಡೆ ನೋಡಿ ಒಂದನ್ನು ಆರಿಸಿದ್ದೇವೆ. ಅವರಿಗೆ ತೋರಿಸಿದ್ದೇ ಒಂದು. ಇನ್ನೂ ಒಂದು ಮಾತು ಸೇರಿಸಿದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ ಎಂದು ಇದೇ ಸುಪ್ರೀಂ ಕೋರ್ಟ್ ಹೇಳಿತ್ತು. "ಬಿಳಿಯರಿಗೆ ಮಾತ್ರ" ಎಂದು ಬರೆದ ಕ್ರಯಪತ್ರಗಳನ್ನು ಕೋರ್ಟುಗಳು ಜಾರಿ ಮಾಡುವುದು ನಿಂತದ್ದು 1948ರಲ್ಲಿ. ಆ ಕಾಲದಲ್ಲಿ ಬಂದಿದ್ದರೆ ನಮ್ಮ ವಿಳಾಸವೂ ಬೇರೆ ಇರುತ್ತಿತ್ತು. ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದಾಗ "ನೀವು ಯಾವ ಜನ?" ಎಂಬ ಪ್ರಶ್ನೆ ಎದುರಿಸಿದವರೂ ಈ ಹಾಲ್‌ನಲ್ಲಿ ಇದ್ದಾರು.

ಕೊನೆಗೆ ಒಬ್ಬರು, "ಎಲ್ಲಾ ಸರಿ, ಈಗ ಏನು ನಡೀತಿದೆ, ನಾವು ಎಲ್ಲಿ ಮಾತಾಡಬೇಕು?" ಎಂದರು. 2025ರ ಜುಲೈನಲ್ಲಿ ಸಹಿಯಾದ ದೊಡ್ಡ ತೆರಿಗೆ ಕಾಯ್ದೆ 9 ಪ್ರತಿಶತದ ಕ್ರೆಡಿಟ್ ಪಾಲನ್ನು 12 ಪ್ರತಿಶತ ಹೆಚ್ಚಿಸಿದೆ. ಅದಕ್ಕಿಂತ ದೊಡ್ಡ ಬದಲಾವಣೆ 4 ಪ್ರತಿಶತದ್ದರಲ್ಲಿ: ಮೊದಲು ಖರ್ಚಿನ ಅರ್ಧವನ್ನು ತೆರಿಗೆಮುಕ್ತ ಬಾಂಡ್‌ನಿಂದ ತರಬೇಕಿತ್ತು, 2026ರಿಂದ ಕಾಲು ಭಾಗ ತಂದರೆ ಸಾಕು. ಹಾಗಾಗಿ ಇಂಥ ಕಟ್ಟಡಗಳು ಹೆಚ್ಚುತ್ತವೆ. 9 ಪ್ರತಿಶತದ ಯೋಜನೆಗಳಿಗೆ 30 ಪ್ರತಿಶತದ ಬೋನಸನ್ನು ಬೇಕಾದ ಕಡೆ ಕೊಡುವ ಅಧಿಕಾರ 2008ರಿಂದ ರಾಜ್ಯಗಳಿಗಿದೆ. 4 ಪ್ರತಿಶತದ್ದಕ್ಕೆ ಆ ಅಧಿಕಾರವಿಲ್ಲ. ಬಡ ಟ್ರ್ಯಾಕ್ಟ್ ಅಥವಾ ಕಟ್ಟುವುದು ದುಬಾರಿ ಎಂದು ಕೇಂದ್ರ ಗುರುತಿಸಿದ ಪ್ರದೇಶಕ್ಕೆ ಮಾತ್ರ ಬೋನಸ್. ಮತ್ತೆ ಟೆಕ್ಸಾಸ್‌ನಲ್ಲಿ 4 ಪ್ರತಿಶತದ ಯೋಜನೆಗೆ ನಗರಸಭೆ "ನಮ್ಮ ಆಕ್ಷೇಪಣೆ ಇಲ್ಲ" ಎಂಬ ಠರಾವು ಮಾಡಿಕೊಡಲೇಬೇಕು.

ಆದ್ದರಿಂದ ಮಾತಾಡುವ ಜಾಗ ಸಿಟಿ ಕೌನ್ಸಿಲ್. ಅಜೆಂಡಾ ವೆಬ್‌ಸೈಟಿನಲ್ಲಿ ಸಭೆಗೆ ಮುಂಚೆಯೇ ಹಾಕುತ್ತಾರೆ, ಹೆಸರು ಕೊಟ್ಟರೆ ಕೆಲವೇ ನಿಮಿಷ ಮೈಕು ಸಿಗುತ್ತದೆ. ವಿರೋಧಿಸುವವರು ತಪ್ಪದೆ ಬರುತ್ತಾರೆ. ಪರವಾಗಿ ಬರುವುದು ಡೆವಲಪರ್ ಕಡೆಯವರು, ಒಂದಿಬ್ಬರು ಪಾದ್ರಿಗಳು. ರಾಜ್ಯದ ಅಂಕಪಟ್ಟಿಯ ಕರಡಿಗೆ ಶರತ್ಕಾಲದಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ, ಡಿಸೆಂಬರ್ 1ರೊಳಗೆ ಅದು ಗವರ್ನರ್ ಮೇಜು ದಾಟಬೇಕು. ವೋಟು ಇರುವವರಿಗೆ ಇನ್ನೊಂದು: ಇಲ್ಲಿ ಕೌನ್ಸಿಲ್ ಚುನಾವಣೆ ನವೆಂಬರ್‌ನಲ್ಲಲ್ಲ, ಹೆಚ್ಚಿನ ಊರುಗಳಲ್ಲಿ ಮೇ ತಿಂಗಳ ಶನಿವಾರ. ನಮ್ಮ ಯುಗಾದಿ ಕಾರ್ಯಕ್ರಮದ ತಾಲೀಮು, ಮಕ್ಕಳ ಪರೀಕ್ಷೆ ಎಲ್ಲ ಅದೇ ಹೊತ್ತಿಗೆ ಬಂದು ನಮ್ಮವರಲ್ಲಿ ಬಹಳ ಮಂದಿ ಆ ದಿನವನ್ನು ತಪ್ಪಿಸಿಕೊಳ್ಳುತ್ತಾರೆ. ಅರ್ಲಿ ವೋಟಿಂಗ್ ಏಪ್ರಿಲ್ ಕೊನೆಯಲ್ಲೇ ಶುರುವಾಗುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.